ದೊಡ್ಡ ಹಡಗಿಗೆ ಸಣ್ಣ ದೋಣಿಯ ಭಯ: ಕರಾವಳಿ ರಕ್ಷಣೆಯಲ್ಲಿ ಅಗ್ಗದ ದಾಳಿ ಡ್ರೋನ್‌ಗಳು

ಘಟ್ಟದ ಮೇಲೆ ರಾಜಧಾನಿಯನ್ನಿಟ್ಟುಕೊಂಡು ಕರಾವಳಿಯನ್ನೂ ಆಳಿದ ಕೆಳದಿ ಅರಸರಿಗೆ, ನಡುಗಡಲಿನಲ್ಲಿ ಪೋರ್ಚುಗೀಸರಿಗೆ ಎದುರು ನಿಲ್ಲಬಲ್ಲ ನೌಕಾಬಲ ಇರಲಿಲ್ಲ. 1560ರ ದಶಕದ ಕೊನೆಯ ಹೊತ್ತಿಗೆ ಮಂಗಳೂರು, ಬಸರೂರು, ಹೊನ್ನಾವರಗಳಲ್ಲಿ ಪೋರ್ಚುಗೀಸರ ಕೋಟೆಗಳು ಎದ್ದಿದ್ದವು. ಆದರೆ ಆ ಕೋಟೆಗಳು ಬದುಕಿದ್ದದ್ದು ಘಟ್ಟದಿಂದ ಇಳಿದು ಬರುವ ಮೆಣಸಿನಿಂದ ಮತ್ತು ಕರಾವಳಿಯ ಅಕ್ಕಿಯಿಂದ; ಅವೆರಡೂ ಬರುವ ದಾರಿಗಳು ನಾಯಕರ ಹಿಡಿತದಲ್ಲಿದ್ದವು. ಕಡಲಿನಲ್ಲಿ ಹಡಗಿಗೆ ಹಡಗು ಒಡ್ಡುವ ಬದಲು ಶಿವಪ್ಪನಾಯಕ ನೆಲದ ಕಡೆಯಿಂದ ಒತ್ತಡ ಹೇರಿ, 1652ರಿಂದ 1654ರ ನಡುವೆ ಆ ಮೂರೂ ಕಡೆಗಳಿಂದ ಅವರನ್ನು ಹೊರಹಾಕಿದ. ಬಲದಲ್ಲಿ ಸಮನಲ್ಲದವನು ಎದುರಾಳಿಯ ಬಲವಿರುವಲ್ಲಿ ಸೆಣಸದೆ, ಅವನಿಗೆ ನಷ್ಟ ತಗಲುವ ಜಾಗವನ್ನು ಹುಡುಕಿ ಹೊಡೆಯುವುದನ್ನೇ ಇಂದಿನ ಸೇನಾ ತಜ್ಞರು ಅಸಮ ಯುದ್ಧ ಎನ್ನುತ್ತಾರೆ. ಕಳೆದ ಕೆಲವು ವರ್ಷಗಳಲ್ಲಿ ಈ ಹಳೆಯ ತಂತ್ರಕ್ಕೆ ಒಂದು ಹೊಸ ಆಯುಧ ಸಿಕ್ಕಿದೆ: ಒಳಗೆ ಮನುಷ್ಯರಿಲ್ಲದೆ ಸಾಗಿ ಗುರಿಗೆ ಬಡಿಯುವ ಅಗ್ಗದ ದಾಳಿ ಡ್ರೋನ್. ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಸೋಲುತ್ತದೆ, ನಮ್ಮ ಕರಾವಳಿಗೆ ಅದರಿಂದ ಏನು ತಿಳಿಯಬೇಕು ಎಂಬುದನ್ನು ಘಟ್ಟದ ಮೇಲಿನವರೂ ಅರಿತಿರಬೇಕೆಂಬುದು ನನ್ನ ಅಭಿಪ್ರಾಯ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳಿಗೂ ಅರಬ್ಬೀ ಸಮುದ್ರಕ್ಕೂ ನಡುವೆ ಇರುವುದು ಒಂದು ಘಟ್ಟ ಇಳಿಯುವಷ್ಟು ದೂರ ಮಾತ್ರ.

ನೌಕಾಪಡೆಗಳ ಗುರಿಗಳಲ್ಲಿ ಎರಡನ್ನು ಮೊದಲು ಬೇರೆಬೇರೆಯಾಗಿ ನೋಡಬೇಕು. ಕಡಲಿನ ಒಂದು ಭಾಗವನ್ನು ತನ್ನ ಹಡಗುಗಳು ನಿರ್ಭಯವಾಗಿ ಬಳಸುವಂತೆ ಮಾಡಿಕೊಳ್ಳುವುದು ಸಮುದ್ರ ನಿಯಂತ್ರಣ. ತಾನು ಬಳಸಲಾಗದಿದ್ದರೂ ಶತ್ರುವೂ ನೆಮ್ಮದಿಯಿಂದ ಬಳಸದಂತೆ ತಡೆಯುವುದು ಸಮುದ್ರ ನಿರಾಕರಣೆ. ನಿಯಂತ್ರಣಕ್ಕೆ ವಿಮಾನವಾಹಕ ನೌಕೆ, ವಿಧ್ವಂಸಕ ನೌಕೆ, ಜಲಾಂತರ್ಗಾಮಿ, ಅವುಗಳನ್ನು ನಡೆಸುವ ಸಾವಿರಾರು ತರಬೇತಾದ ಜನ ಎಲ್ಲವೂ ಬೇಕು, ಮತ್ತು ಅದನ್ನು ಕಟ್ಟಲು ದಶಕಗಳು ಹಿಡಿಯುತ್ತವೆ. ನಿರಾಕರಣೆಗೆ ಬೇಕಾದದ್ದು ಅದಕ್ಕಿಂತ ಬಹಳ ಕಡಿಮೆ. ಅಗ್ಗದ ದಾಳಿ ಡ್ರೋನ್ ಮೂಲತಃ ಈ ಎರಡನೆಯ ಕೆಲಸದ ಸಾಧನ. ಈ ವ್ಯತ್ಯಾಸವನ್ನು ಮರೆತು ಮಾತನಾಡುವುದರಿಂದಲೇ "ಇನ್ನು ಯುದ್ಧನೌಕೆಗಳ ಕಾಲ ಮುಗಿಯಿತು" ಎಂಬಂಥ ಅವಸರದ ತೀರ್ಮಾನಗಳು ಹುಟ್ಟುತ್ತವೆ.

ಸಣ್ಣದು ದೊಡ್ಡದನ್ನು ಮುಳುಗಿಸುವುದು ಈ ಶತಮಾನದ ಸಂಗತಿಯೂ ಅಲ್ಲ. 1967ರ ಅಕ್ಟೋಬರ್ 21ರಂದು ಈಜಿಪ್ಟಿನ ಸಣ್ಣ ಕ್ಷಿಪಣಿ ದೋಣಿಗಳು ಬಂದರಿನ ಬಳಿಯಿಂದಲೇ ಹಾರಿಸಿದ ಕ್ಷಿಪಣಿಗಳು ಇಸ್ರೇಲಿನ ಐಲಾಟ್ ಎಂಬ ವಿಧ್ವಂಸಕ ನೌಕೆಯನ್ನು ಮುಳುಗಿಸಿದಾಗ ಜಗತ್ತಿನ ನೌಕಾಪಡೆಗಳೆಲ್ಲ ಎಚ್ಚೆತ್ತವು. ನಾಲ್ಕು ವರ್ಷಗಳ ಬಳಿಕ, 1971ರ ಡಿಸೆಂಬರ್ 4ರ ರಾತ್ರಿ, ನಮ್ಮ ನೌಕಾಪಡೆ ಅದೇ ಪಾಠವನ್ನು ಇನ್ನಷ್ಟು ಧೈರ್ಯದಿಂದ ಪ್ರಯೋಗಿಸಿತು. ನಿರ್ಘಾಟ್, ನಿಪಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು ಕರಾಚಿಯ ಹೊರಗೆ ಪಾಕಿಸ್ತಾನದ ಖೈಬರ್ ಎಂಬ ವಿಧ್ವಂಸಕ ನೌಕೆಯನ್ನೂ ಕಡಲಿನಲ್ಲಿ ಹುದುಗಿಸಿಟ್ಟ ಸಿಡಿಗುಂಡುಗಳನ್ನು (ಮೈನ್) ತೆಗೆಯುವ ಮುಹಾಫಿಜ್ ಎಂಬ ನೌಕೆಯನ್ನೂ ಮುಳುಗಿಸಿದವು. ಆ ದೋಣಿಗಳನ್ನು ಕೊಂಡದ್ದು ಬಂದರುಗಳ ಕಾವಲಿಗೆ. ಅಷ್ಟು ದೂರ ಸಾಗುವ ಇಂಧನ ಅವುಗಳಲ್ಲಿರಲಿಲ್ಲವಾದ್ದರಿಂದ ದೊಡ್ಡ ಹಡಗುಗಳು ಅವನ್ನು ದಾರಿಯಲ್ಲಿ ಎಳೆದೊಯ್ದವು. ಹಾಗೆ ನೋಡಿದರೆ ಕರಾವಳಿ ರಕ್ಷಣೆಯ ಸಣ್ಣ ಸಾಧನವೊಂದು ದಾಳಿಯ ಆಯುಧವಾಗಿ ಮಾರ್ಪಟ್ಟ ಅತ್ಯುತ್ತಮ ಉದಾಹರಣೆ ನಮ್ಮದೇ ಇತಿಹಾಸದಲ್ಲಿದೆ.

ಆಗಿಗೂ ಈಗಿಗೂ ಇರುವ ವ್ಯತ್ಯಾಸ ಎರಡು: ದೋಣಿಯಲ್ಲಿ ಮನುಷ್ಯರಿಲ್ಲ, ಮತ್ತು ಅದರ ಬಿಡಿಭಾಗಗಳಲ್ಲಿ ಬಹುಪಾಲು ಮಾರುಕಟ್ಟೆಯಲ್ಲೇ ಸಿಗುತ್ತವೆ. ಮಲೆನಾಡಿನಲ್ಲಿ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯಲು ಕೊನೆಗಾರರು ಸಿಗದೆ ಕೆಲವು ಅಡಿಕೆ ತೋಟಗಳಲ್ಲಿ ಡ್ರೋನ್ ಬಳಕೆಯ ಪ್ರಯೋಗ ನಡೆದಿದೆ. ಆ ಡ್ರೋನ್ ತನ್ನ ಜಾಗವನ್ನು ಉಪಗ್ರಹ ಸಂಕೇತದಿಂದ ಗುರುತಿಸಿಕೊಳ್ಳುತ್ತದೆ, ಗಾಳಿಗೆ ಓಲಾಡಿದರೆ ತಾನೇ ಸರಿಪಡಿಸಿಕೊಳ್ಳುತ್ತದೆ, ಹಾಕಿಕೊಟ್ಟ ದಾರಿಯಲ್ಲಿ ಸಾಗುತ್ತದೆ. ಇಪ್ಪತ್ತೈದು ವರ್ಷಗಳ ಹಿಂದೆ ಇಂಥ ಸಾಮರ್ಥ್ಯ ಕ್ಷಿಪಣಿ ತಯಾರಿಸುವ ದೇಶಗಳ ಕೈಯಲ್ಲಿ ಮಾತ್ರ ಇತ್ತು. ಮೊಬೈಲ್ ಫೋನ್ ಉದ್ಯಮ ಸಂವೇದಕ, ಕ್ಯಾಮೆರಾ ಮತ್ತು ಚಿಪ್‌ಗಳ ಬೆಲೆಯನ್ನು ಇಳಿಸಿದ್ದರಿಂದ ಅದು ತೋಟಕ್ಕೂ ಬಂತು, ಯುದ್ಧಕ್ಕೂ ಬಂತು.

ಕರಾವಳಿಯ ಸಂದರ್ಭದಲ್ಲಿ ಇವುಗಳ ಎರಡು ಬಗೆಗಳು ಮುಖ್ಯ. ಒಂದು, ಆಕಾಶದಲ್ಲಿ ದೂರ ಹಾರಿ ಹೋಗಿ ಗುರಿಗೆ ಅಪ್ಪಳಿಸುವ ಒಮ್ಮುಖ ಡ್ರೋನ್. ಇರಾನಿನ ಶಾಹೆದ್-136 ಇದಕ್ಕೆ ಪ್ರಸಿದ್ಧ ಉದಾಹರಣೆ. ಸುಮಾರು ಮೂರೂವರೆ ಮೀಟರ್ ಉದ್ದ, 200 ಕಿಲೋ ತೂಕ, ಗಂಟೆಗೆ 185 ಕಿಲೋಮೀಟರಿನಷ್ಟು ವೇಗ, ಮೂತಿಯಲ್ಲಿ 40ರಿಂದ 50 ಕಿಲೋ ಸ್ಫೋಟಕ. ಬೆಲೆ 20 ಸಾವಿರದಿಂದ 50 ಸಾವಿರ ಡಾಲರ್ ಎಂಬ ಅಂದಾಜುಗಳಿವೆ. ನಿಂತ ಗುರಿಗಳ ಮೇಲೆ, ಅಂದರೆ ಬಂದರು, ತೈಲ ಸಂಗ್ರಹಾಗಾರ, ರೇಡಾರ್ ಕೇಂದ್ರಗಳ ಮೇಲೆ ಇದು ಪರಿಣಾಮಕಾರಿ. ಆದರೆ ಗಂಟೆಗಳ ಕಾಲ ಹಾರಿ ತಲುಪುವಷ್ಟರಲ್ಲಿ ಚಲಿಸುವ ಹಡಗು ಬೇರೆಲ್ಲೋ ಹೋಗಿರುತ್ತದೆಯಾದ್ದರಿಂದ, ಕೊನೆಯ ಹಂತದಲ್ಲಿ ದಾರಿ ತೋರುವ ಕ್ಯಾಮೆರಾ ಮತ್ತು ಸಂಪರ್ಕ ಇಲ್ಲದಿದ್ದರೆ ಹಡಗಿನ ವಿರುದ್ಧ ಅದು ಬಹುತೇಕ ಕುರುಡು. ಇನ್ನೊಂದು, ನೀರಿನ ಮೇಲೆ ಸಾಗುವ ಮಾನವರಹಿತ ಸ್ಫೋಟಕ ದೋಣಿ. ಹಡಗುಗಳಿಗೆ ನಿಜವಾದ ಭಯ ಹುಟ್ಟಿಸಿರುವುದು ಇದೇ, ಏಕೆಂದರೆ ಆಕಾಶದಿಂದ ಬಿದ್ದ 50 ಕಿಲೋ ಸ್ಫೋಟಕ ಹಡಗಿನ ಮೇಲ್ಭಾಗವನ್ನು ಸುಡಬಹುದು, ನೀರಿನ ಮಟ್ಟದಲ್ಲಿ ಸಿಡಿದ 200-300 ಕಿಲೋ ಸ್ಫೋಟಕ ಹಡಗಿನ ಹೊಟ್ಟೆಯನ್ನೇ ಸೀಳುತ್ತದೆ.

ಉಕ್ರೇನಿನ ಮಗುರಾ ವಿ5 ಎಂಬ ದೋಣಿಯನ್ನು ಹತ್ತಿರದಿಂದ ನೋಡೋಣ. ಉದ್ದ ಐದೂವರೆ ಮೀಟರ್, ಅಗಲ ಒಂದೂವರೆ ಮೀಟರ್. ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ಕಾಣುವ ನಾಡದೋಣಿಗಳ ಸಾಲಿನಲ್ಲಿ ನಿಲ್ಲಿಸಿದರೆ ಇದು ಸಣ್ಣದರಲ್ಲಿ ಒಂದು. ನೀರಿನ ಮೇಲೆ ಕಾಣುವುದು ಅರ್ಧ ಮೀಟರಿನಷ್ಟು ಮಾತ್ರ. ಹಿಂದೆ ನೀರನ್ನು ರಭಸದಿಂದ ತಳ್ಳುವ ಜೆಟ್, ಬೆನ್ನಿನ ಮೇಲೆ ಉಪಗ್ರಹ ಸಂಪರ್ಕದ ಆಂಟೆನಾ, ಮುಂದೆ ಹಗಲು-ರಾತ್ರಿ ನೋಡಬಲ್ಲ ಕ್ಯಾಮೆರಾ, ಹೊಟ್ಟೆಯಲ್ಲಿ ಸ್ಫೋಟಕ. ಗರಿಷ್ಠ ವೇಗ 42 ನಾಟ್, ಅಂದರೆ ಗಂಟೆಗೆ ಸುಮಾರು 78 ಕಿಲೋಮೀಟರ್. ಸಾಗುವ ದೂರ ಸುಮಾರು 800 ಕಿಲೋಮೀಟರ್ ಎಂದು ತಯಾರಕರು ಹೇಳುತ್ತಾರೆ. ಬೆಲೆ ಎರಡರಿಂದ ಮೂರು ಲಕ್ಷ ಡಾಲರ್ ಎಂಬ ಅಂದಾಜಿದೆ. ನಮ್ಮ ಲೆಕ್ಕದಲ್ಲಿ ಎರಡು ಕೋಟಿ ರೂಪಾಯಿಯ ಆಸುಪಾಸು. ಬಡವರ ಆಯುಧವೆಂದು ಕರೆಯುವಷ್ಟು ಅಗ್ಗವೇನಲ್ಲ, ಆದರೆ ಯುದ್ಧನೌಕೆಯ ಮುಂದೆ ಅದು ಲೆಕ್ಕಕ್ಕೇ ಬಾರದ ಮೊತ್ತ.

2024ರ ಜನವರಿ 31ರ ರಾತ್ರಿ ಕಳೆದು ಫೆಬ್ರವರಿ 1 ಬರುವ ಹೊತ್ತಿನಲ್ಲಿ, ಕಪ್ಪು ಸಮುದ್ರದ ಕ್ರಿಮಿಯಾ ಪರ್ಯಾಯದ್ವೀಪದ ಪಶ್ಚಿಮ ದಡದ ಡೊನುಜ್ಲಾವ್ ಬಳಿ ಇದ್ದ ಐವನೊವೆಟ್ಸ್ ಎಂಬ ರಷ್ಯಾದ ಕ್ಷಿಪಣಿ ಕಾರ್ವೆಟ್ (ಸಣ್ಣ ಯುದ್ಧನೌಕೆ) ಮೇಲೆ ಇಂಥ ದೋಣಿಗಳ ಗುಂಪೊಂದು ಎರಗಿತು. ಉಕ್ರೇನ್ ಬಿಡುಗಡೆ ಮಾಡಿದ ದೃಶ್ಯಗಳಲ್ಲಿ ಹಡಗಿನಿಂದ ಗುಂಡಿನ ಮಳೆ ಸುರಿಯುವುದೂ, ನೀರಿನಲ್ಲಿ ಗುಂಡುಗಳು ಚಿಮ್ಮಿಸುವ ಸಾಲುಗಳೂ ಕಾಣುತ್ತವೆ. ಮೊದಲ ಹೊಡೆತಗಳು ಬಿದ್ದದ್ದು ಹಿಂಭಾಗಕ್ಕೆ. ಅಲ್ಲಿಗೆ ಹಡಗಿನ ಓಟ ನಿಂತಿತು. ನಿಂತ ಹಡಗಿನ ಪಕ್ಕೆಗೆ ಮುಂದಿನ ದೋಣಿಗಳು ಬಂದು ಸಿಡಿದವು. ಪಕ್ಕೆಯಲ್ಲಿ ದೊಡ್ಡ ಬಾಯಿ ತೆರೆಯಿತು, ಹಡಗು ಹಿಂಭಾಗ ಕೆಳಗಾಗಿ ಮುಳುಗಿತು. ಎರಡು ವಾರಗಳ ಬಳಿಕ ಸೀಜರ್ ಕುನಿಕೊವ್ ಎಂಬ ಪಡೆ ಸಾಗಣೆ ನೌಕೆ, ಮಾರ್ಚ್ 5ರಂದು ಸೆರ್ಗೆಯ್ ಕೊಟೊವ್ ಎಂಬ ಗಸ್ತು ನೌಕೆ ಇದೇ ರೀತಿ ಹೋದವು.

ಕಾವಲಿದ್ದ ಹಡಗು ಇವನ್ನು ಮೊದಲೇ ಏಕೆ ಕಾಣಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಭೂಮಿಯ ದುಂಡಗಿನಲ್ಲಿದೆ. ರೇಡಾರ್ ಅಲೆ ಬಹುಮಟ್ಟಿಗೆ ನೇರ ಸಾಗುತ್ತದೆ, ಕಡಲು ಬಾಗಿ ಕೆಳಗಿಳಿಯುತ್ತದೆ. ನೀರಿನಿಂದ 25 ಮೀಟರ್ ಎತ್ತರದಲ್ಲಿರುವ ರೇಡಾರಿಗೆ ಅರ್ಧ ಮೀಟರ್ ಎತ್ತರದ ದೋಣಿ ಲೆಕ್ಕದ ಪ್ರಕಾರ ಹೆಚ್ಚೆಂದರೆ 23 ಕಿಲೋಮೀಟರ್ ದೂರದಲ್ಲಿ ಕಾಣಬೇಕು. ಆದರೆ ಅಲೆಗಳೂ ರೇಡಾರಿಗೆ ಪ್ರತಿಫಲನ ಕೊಡುತ್ತವೆ. ಅರ್ಧ ಮೀಟರಿನ ದೋಣಿಯನ್ನು ಒಂದು ಮೀಟರಿನ ಅಲೆಗಳ ನಡುವೆ ಬೇರ್ಪಡಿಸಿ ನೋಡುವುದು ಬಹಳ ಕಷ್ಟ. ಐದು ಕಿಲೋಮೀಟರಿನಲ್ಲಿ ಪತ್ತೆಯಾಯಿತೆಂದರೆ, ಗಂಟೆಗೆ 75 ಕಿಲೋಮೀಟರ್ ವೇಗದ ದೋಣಿ ತಲುಪಲು ನಾಲ್ಕೇ ನಿಮಿಷ. ಆ ನಾಲ್ಕು ನಿಮಿಷಗಳಲ್ಲಿ ಅದು ಶತ್ರುವಿನದೇ ಎಂದು ಖಚಿತಪಡಿಸಿಕೊಳ್ಳಬೇಕು, ಸಿಬ್ಬಂದಿ ಜಾಗಕ್ಕೆ ಬರಬೇಕು, ಫಿರಂಗಿ ತಿರುಗಬೇಕು, ಅಂಕುಡೊಂಕಾಗಿ ಓಡುವ ಸಣ್ಣ ಗುರಿಗೆ ಗುಂಡು ತಗಲಬೇಕು. ಅದೂ ಕತ್ತಲಲ್ಲಿ, ಬೇರೆಬೇರೆ ದಿಕ್ಕುಗಳಿಂದ ಬರುವ ಹಲವು ದೋಣಿಗಳಿಗೆ ಏಕಕಾಲದಲ್ಲಿ.

ಹಲವು ಎಂಬುದೇ ಇಲ್ಲಿ ನಿರ್ಣಾಯಕ. ಒಂದು ಹಡಗು ತನ್ನತ್ತ ಬರುವ ಪ್ರತಿ ದೋಣಿಯನ್ನೂ ನೂರಕ್ಕೆ ತೊಂಬತ್ತು ಸಲ ತಡೆಯಬಲ್ಲದು ಎಂದಿಟ್ಟುಕೊಳ್ಳೋಣ. ಅದು ಉತ್ತಮ ರಕ್ಷಣೆಯೇ. ಒಂದೇ ದೋಣಿ ಬಂದರೆ ಅಪಾಯ ನೂರಕ್ಕೆ ಹತ್ತು. ಹತ್ತು ದೋಣಿಗಳು ಬಂದರೆ, ಹತ್ತನ್ನೂ ತಡೆಯುವ ಸಂಭವ 0.9ನ್ನು ಹತ್ತು ಸಲ ಗುಣಿಸಿದಷ್ಟು, ಅಂದರೆ ನೂರಕ್ಕೆ ಸುಮಾರು 35. ಒಂದಾದರೂ ಒಳನುಗ್ಗುವ ಸಂಭವ ನೂರಕ್ಕೆ 65. ಇಪ್ಪತ್ತು ಬಂದರೆ ಅದು ನೂರಕ್ಕೆ 88. ವಾಸ್ತವದಲ್ಲಿ ಸ್ಥಿತಿ ಇನ್ನೂ ಕೆಡುತ್ತದೆ, ಏಕೆಂದರೆ ಮೊದಲ ಮೂರನ್ನು ಹೊಡೆಯುವಷ್ಟರಲ್ಲಿ ಹಡಗಿನ ಗಮನವೂ ಸಮಯವೂ ಖರ್ಚಾಗಿರುತ್ತವೆ. ಆಕಾಶದ ಡ್ರೋನ್‌ಗಳಿಗೂ ಇದೇ ಲೆಕ್ಕ. ನಮ್ಮ ಅತ್ಯಾಧುನಿಕ ವಿಧ್ವಂಸಕ ನೌಕೆಗಳಲ್ಲಿ ಒಂದಾದ ಐಎನ್‌ಎಸ್ ವಿಶಾಖಪಟ್ಟಣದಲ್ಲಿ ವಾಯುರಕ್ಷಣೆಗೆ 32 ಬರಾಕ್-8 ಕ್ಷಿಪಣಿಗಳಿವೆ. ಅವು ಮುಗಿದರೆ ಉಳಿಯುವುದು ಫಿರಂಗಿಗಳು, ಮತ್ತು ಮತ್ತೆ ತುಂಬಿಸಿಕೊಳ್ಳಲು ಬಂದರಿಗೆ ಮರಳಬೇಕಾಗುತ್ತದೆ. ಅಗ್ಗದ ಡ್ರೋನ್ ಗುರಿ ಮುಟ್ಟದಿದ್ದರೂ ಒಂದು ಕ್ಷಿಪಣಿಯನ್ನು ಖರ್ಚು ಮಾಡಿಸಿದರೆ ತನ್ನ ಪಾಲಿನ ಕೆಲಸವನ್ನು ಮಾಡಿದಂತೆಯೇ.

ಬೆಲೆಯ ಮಾತು ಬಂದಾಗ ಎಲ್ಲರೂ ಒಂದು ಹೋಲಿಕೆಯನ್ನು ಮುಂದಿಡುತ್ತಾರೆ: ಕೆಂಪು ಸಮುದ್ರದಲ್ಲಿ ಅಮೆರಿಕದ ಹಡಗುಗಳು ಕೆಲವೇ ಸಾವಿರ ಡಾಲರಿನ ಡ್ರೋನ್ ಹೊಡೆಯಲು 20 ಲಕ್ಷ ಡಾಲರಿನ ಕ್ಷಿಪಣಿ ಹಾರಿಸಿದವು ಎಂದು. ಅಂಕಿ ಸುಳ್ಳಲ್ಲ, ಆದರೆ ಹೋಲಿಕೆ ಅಪೂರ್ಣ. ಆ ಕ್ಷಿಪಣಿ ಕಾಪಾಡುವುದು ನೂರಾರು ಕೋಟಿ ಡಾಲರಿನ ಹಡಗನ್ನು ಮತ್ತು ಅದರಲ್ಲಿರುವ ಮುನ್ನೂರು ಜನರನ್ನು. ಹಾಗಾಗಿ ಒಂದು ದಿನದ ಲೆಕ್ಕದಲ್ಲಿ ಕ್ಷಿಪಣಿ ಹಾರಿಸಿದ್ದು ಸರಿಯೇ. ಲೆಕ್ಕ ತಪ್ಪುವುದು ತಿಂಗಳುಗಟ್ಟಲೆ ಇದು ಮುಂದುವರಿದಾಗ: ಡ್ರೋನ್ ತಯಾರಿಕೆಗೆ ಬೇಕಾದದ್ದು ಶೆಡ್ಡುಗಳೂ ಕೆಲವು ವಾರಗಳೂ, ಕ್ಷಿಪಣಿ ತಯಾರಿಕೆಗೆ ಬೇಕಾದದ್ದು ವರ್ಷಗಳು. ಹಣಕ್ಕಿಂತ ಮೊದಲು ದಾಸ್ತಾನು ಬರಿದಾಗುತ್ತದೆ. ನನಗೆ ತೋರುವ ಮಟ್ಟಿಗೆ ಅಸಮತೆಯ ತಿರುಳು ತಯಾರಿಕೆಯ ಈ ವೇಗದಲ್ಲಿದೆ, ಬೆಲೆಚೀಟಿಯಲ್ಲಿ ಅಷ್ಟಾಗಿ ಇಲ್ಲ.

ಕಪ್ಪು ಸಮುದ್ರದ ಫಲಿತಾಂಶ ದೊಡ್ಡದು. ಹೇಳಿಕೊಳ್ಳುವಂಥ ನೌಕಾಪಡೆಯೇ ಇಲ್ಲದ ಉಕ್ರೇನ್, ರಷ್ಯಾದ ಕಪ್ಪು ಸಮುದ್ರ ಪಡೆಯ ಮೂರನೇ ಒಂದು ಭಾಗವನ್ನು ಮುಳುಗಿಸಿದ್ದೇವೆ ಅಥವಾ ನಿಷ್ಕ್ರಿಯಗೊಳಿಸಿದ್ದೇವೆ ಎಂದು 2024ರ ಆರಂಭದಲ್ಲಿ ಹೇಳಿಕೊಂಡಿತು. ರಷ್ಯಾ ತನ್ನ ಮುಖ್ಯ ಹಡಗುಗಳನ್ನು ಕ್ರಿಮಿಯಾದ ಸೆವಾಸ್ಟೊಪೋಲಿನಿಂದ ಪೂರ್ವದ ನೊವೊರೊಸ್ಸಿಸ್ಕಿಗೆ ಸಾಗಿಸಿತು. ಅದಕ್ಕಿಂತ ಮುಖ್ಯವಾಗಿ, 2023ರ ಆಗಸ್ಟಿನಿಂದ ಉಕ್ರೇನಿನ ಒಡೆಸ್ಸಾ ಬಂದರಿನ ಧಾನ್ಯ ಹಡಗುಗಳು ರುಮೇನಿಯಾ, ಬಲ್ಗೇರಿಯಾಗಳ ದಡದಂಚಿನಲ್ಲಿ ಮತ್ತೆ ಓಡಾಡತೊಡಗಿದವು. ಆದರೆ ಇದನ್ನು ಡ್ರೋನ್‌ಗಳ ಗೆಲುವೆಂದು ಮಾತ್ರ ಬರೆದರೆ ಅರ್ಧ ಸತ್ಯವಾದೀತು. ಪಡೆಯ ಮುಖ್ಯ ನೌಕೆ ಮೊಸ್ಕ್ವಾವನ್ನು 2022ರ ಏಪ್ರಿಲ್‌ನಲ್ಲಿ ಮುಳುಗಿಸಿದ್ದು ದಡದಿಂದ ಹಾರಿದ ನೆಪ್ಚೂನ್ ಕ್ಷಿಪಣಿಗಳು. ಸೆವಾಸ್ಟೊಪೋಲಿನ ಡಾಕಿನಲ್ಲಿದ್ದ ಜಲಾಂತರ್ಗಾಮಿಗೆ 2023ರ ಸೆಪ್ಟೆಂಬರಿನಲ್ಲಿ ಬಡಿದದ್ದು ವಿಮಾನದಿಂದ ಬಿಟ್ಟ ಕ್ಷಿಪಣಿ. ಶತ್ರು ಎಲ್ಲಿದ್ದಾನೆಂಬ ಮಾಹಿತಿಯಲ್ಲಿ ಪಾಶ್ಚಾತ್ಯ ದೇಶಗಳ ಪಾಲೂ ಇತ್ತು. 2022ರ ಫೆಬ್ರವರಿಯ ಕೊನೆಯಲ್ಲಿ ತುರ್ಕಿಯು ಮಾಂಟ್ರೊ ಒಪ್ಪಂದದ ಪ್ರಕಾರ ಕಪ್ಪು ಸಮುದ್ರದ ಬಾಯಿಯಲ್ಲಿರುವ ತನ್ನ ಜಲಸಂಧಿಗಳನ್ನು ಯುದ್ಧನೌಕೆಗಳಿಗೆ ಮುಚ್ಚಿದ್ದರಿಂದ, ಕಳೆದುಕೊಂಡ ಹಡಗುಗಳ ಜಾಗಕ್ಕೆ ಬೇರೆ ಕಡಲುಗಳಿಂದ ದೊಡ್ಡ ಹಡಗುಗಳನ್ನು ತರುವ ದಾರಿ ರಷ್ಯಾಕ್ಕೆ ಇರಲಿಲ್ಲ. ಸಂಪರ್ಕ ಎಷ್ಟು ಸೂಕ್ಷ್ಮವೆಂಬುದಕ್ಕೂ ಇಲ್ಲೇ ಸಾಕ್ಷಿ ಇದೆ: 2022ರಲ್ಲಿ ಕ್ರಿಮಿಯಾದ ಸುತ್ತ, ಅಮೆರಿಕದ ಖಾಸಗಿ ಕಂಪನಿಯೊಂದರ ಉಪಗ್ರಹ ಇಂಟರ್ನೆಟ್ ಆದ ಸ್ಟಾರ್‌ಲಿಂಕ್ ಸೇವೆ ಲಭ್ಯವಿರಲಿಲ್ಲ, ಆ ಸೇವೆಯಿಲ್ಲದೆ ದೋಣಿಗಳನ್ನು ಅಲ್ಲಿಗೆ ನಡೆಸುವುದು ಉಕ್ರೇನಿಗೆ ದೊಡ್ಡ ತೊಡಕಾಯಿತು. ಒಂದು ದೇಶದ ರಕ್ಷಣೆ ಬೇರೆ ದೇಶದ ಖಾಸಗಿ ಕಂಪನಿಯ ಸೇವೆಯ ಮೇಲೆ ನಿಲ್ಲುವುದು ನಾವು ಗಂಭೀರವಾಗಿ ಯೋಚಿಸಬೇಕಾದ ವಿಷಯ.

ಎದುರಾಳಿಯೂ ಕಲಿಯುತ್ತಾನೆ. ರಷ್ಯಾ ಬಂದರಿನ ಬಾಯಿಗೆ ತೇಲುವ ತಡೆಗಳನ್ನೂ ದೋಣಿಗಳ ಸಾಲನ್ನೂ ಹಾಕಿತು, ದಡದಲ್ಲಿ ಮೆಷಿನ್‌ಗನ್ ಕಾವಲು ಹೆಚ್ಚಿಸಿತು, ಹೆಲಿಕಾಪ್ಟರ್‌ಗಳಿಂದ ಕಡಲನ್ನು ಜಾಲಾಡಿ ದೋಣಿಗಳನ್ನು ದೂರದಲ್ಲೇ ಹೊಡೆಯತೊಡಗಿತು. ಇದಕ್ಕೆ ಉತ್ತರವಾಗಿ ಉಕ್ರೇನ್ ದೋಣಿಗಳ ಮೇಲೆಯೇ ವಿಮಾನ ನಿರೋಧಕ ಕ್ಷಿಪಣಿಗಳನ್ನು ಕೂರಿಸಿತು. 2024ರ ಡಿಸೆಂಬರ್ 31ರಂದು ಅಂಥ ದೋಣಿಯೊಂದು ಎಂಐ-8 ಹೆಲಿಕಾಪ್ಟರನ್ನು ಬೀಳಿಸಿತೆಂದು ಪ್ರಕಟಿಸಿತು. ಇಂದು ಕೊಂಡು ಗೋದಾಮಿನಲ್ಲಿಟ್ಟ ಸಾವಿರ ಡ್ರೋನ್ ಎರಡು ವರ್ಷಗಳ ಬಳಿಕ ಹಳೆಯ ಸರಕು. ಕೊಳ್ಳುವ ಪದ್ಧತಿಯಲ್ಲೇ ಕಡತಗಳು ಮೂರು ವರ್ಷ ಸುತ್ತುವ ವ್ಯವಸ್ಥೆಗೆ ಈ ಆಯುಧ ಒಗ್ಗುವುದಿಲ್ಲ.

ಕೆಂಪು ಸಮುದ್ರದಲ್ಲಿ ಚಿತ್ರ ಬೇರೆ. ಯೆಮನಿನ ಹೌತಿ ಬಂಡುಕೋರರು ಬಿಟ್ಟ ಡ್ರೋನ್ ಮತ್ತು ಕ್ಷಿಪಣಿಗಳನ್ನು ಸಿದ್ಧವಾಗಿ ನಿಂತ ಯುದ್ಧನೌಕೆಗಳು ಬಹುಪಾಲು ತಡೆದವು. ಪೆಟ್ಟು ಬಿದ್ದದ್ದು ಬರಿಗೈಯ ಸರಕು ಹಡಗುಗಳಿಗೆ. 2024ರ ಜೂನ್‌ನಲ್ಲಿ ಟ್ಯೂಟರ್ ಎಂಬ ಸರಕು ಹಡಗು ಸ್ಫೋಟಕ ದೋಣಿಯ ಹೊಡೆತ ತಿಂದು ಕೊನೆಗೆ ಮುಳುಗಿತು. ಕಂಪನಿಗಳು ಸೂಯೆಜ್ ಬಿಟ್ಟು ಆಫ್ರಿಕಾದ ತುದಿಯನ್ನು ಬಳಸಿ ಹೋಗತೊಡಗಿದವು. ಒಂದು ಸಣ್ಣ ಪಡೆಗೆ ಸಮುದ್ರ ನಿರಾಕರಣೆ ಸಾಧ್ಯವಾಯಿತು. ಈ ಬೆಂಕಿ ನಮ್ಮ ಬಾಗಿಲಿಗೂ ಬಂದಿತ್ತು. 2023ರ ಡಿಸೆಂಬರ್ 23ರಂದು ಗುಜರಾತ್ ಕರಾವಳಿಯಿಂದ ಸುಮಾರು 200 ನಾಟಿಕಲ್ ಮೈಲು ದೂರದಲ್ಲಿ ಡ್ರೋನ್ ಬಡಿದ ಕೆಮ್ ಪ್ಲೂಟೊ ಎಂಬ ಟ್ಯಾಂಕರ್ ಸೌದಿ ಅರೇಬಿಯದಿಂದ ಬರುತ್ತಿದ್ದದ್ದು ನವಮಂಗಳೂರು ಬಂದರಿಗೆ. ಸಿಬ್ಬಂದಿಯಲ್ಲಿ ಬಹುತೇಕ ಎಲ್ಲರೂ ಭಾರತೀಯರು. ಬೆಂಕಿ ಆರಿತು, ಯಾರಿಗೂ ಗಾಯವಾಗಲಿಲ್ಲ, ನಮ್ಮ ಕರಾವಳಿ ರಕ್ಷಣಾ ಪಡೆಯ ವಿಕ್ರಮ್ ಅದನ್ನು ಮುಂಬಯಿಗೆ ಕರೆತಂದಿತು. ಮಂಗಳೂರಿನ ಬಂದರಿಗೆ ಇಳಿಯುವ ತೈಲ, ಗೊಬ್ಬರಗಳನ್ನು ನೆಚ್ಚಿಕೊಂಡಿರುವ ಮಲೆನಾಡಿಗೆ ಇದು ದೂರದ ಸುದ್ದಿಯಲ್ಲ.

ನಮ್ಮ ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರ್. ಅದರ ಉತ್ತರ ತುದಿಯ ಕಾರವಾರದಲ್ಲಿ ಐಎನ್‌ಎಸ್ ಕದಂಬ ನೆಲೆಯಿದೆ, ದೊಡ್ಡ ಹಡಗುಗಳು ಅಲ್ಲಿ ತಂಗುತ್ತವೆ. ಹಾಗಾಗಿ ಡ್ರೋನ್ ವಿಷಯದಲ್ಲಿ ನಾವು ಎರಡೂ ಕಡೆ ನಿಲ್ಲುತ್ತೇವೆ: ದಡವನ್ನು ಕಾಯುವವರೂ ನಾವೇ, ಗುರಿಯಾಗಬಲ್ಲ ಹಡಗುಗಳೂ ನಮ್ಮವೇ. ಕಪ್ಪು ಸಮುದ್ರದ ಅನುಭವವನ್ನು ಇಲ್ಲಿಗೆ ಹಾಗೆಯೇ ತರಲಾಗದು ಎಂಬುದಕ್ಕೆ ಮೊದಲ ಕಾರಣ ಮಳೆಗಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದು ಮೀನಿನ ಸಂತಾನದ ಸಲುವಾಗಿ, ಆದರೆ ಆ ತಿಂಗಳುಗಳ ಕಡಲೇ ಸಣ್ಣ ದೋಣಿಯನ್ನು ಒಪ್ಪುವುದಿಲ್ಲ. ಮೂರು ಮೀಟರಿನ ಅಲೆಗಳಲ್ಲಿ ಐದೂವರೆ ಮೀಟರಿನ ದೋಣಿಯ ಕ್ಯಾಮೆರಾಗೆ ಕಾಣುವುದು ನೀರಿನ ಗೋಡೆ ಮಾತ್ರ, ಆಂಟೆನಾ ಮುಳುಗಿ ಏಳುತ್ತಿರುತ್ತದೆ, ವೇಗ ಕಾಲುಭಾಗಕ್ಕೂ ಇಳಿಯಬಹುದು. ಆಗುಂಬೆಗೆ ಮಳೆ ಹೊತ್ತು ತರುವ ಅದೇ ಗಾಳಿ ಗಂಟೆಗೆ 50-60 ಕಿಲೋಮೀಟರ್ ವೇಗದಲ್ಲಿ ಬೀಸುವಾಗ ನಿಧಾನದ ಒಮ್ಮುಖ ಡ್ರೋನ್ ದಾರಿಯನ್ನೂ ಇಂಧನವನ್ನೂ ಕಳೆದುಕೊಳ್ಳುತ್ತದೆ. ವರ್ಷದ ಮೂರು-ನಾಲ್ಕು ತಿಂಗಳು ಇಲ್ಲದಂತಾಗುವ ಆಯುಧವನ್ನೇ ನಂಬಿ ಕರಾವಳಿ ರಕ್ಷಣೆಯನ್ನು ರೂಪಿಸಲಾಗದು. ದಡದ ಕ್ಷಿಪಣಿ, ವಿಮಾನ, ಜಲಾಂತರ್ಗಾಮಿಗಳ ಜೊತೆಗೆ ಅದೂ ಒಂದು ಎಂದು ಇಟ್ಟುಕೊಳ್ಳಬೇಕು.

ಎರಡನೆಯದು ನೋಟದ ಪ್ರಶ್ನೆ. ಡ್ರೋನ್ ಎಷ್ಟಿದ್ದರೂ ಗುರಿ ಎಲ್ಲಿದೆಯೆಂದು ತಿಳಿಯದಿದ್ದರೆ ವ್ಯರ್ಥ. ಎತ್ತರ ಇಲ್ಲಿ ಎಲ್ಲವನ್ನೂ ಬದಲಿಸುತ್ತದೆ. ಹಡಗಿನ ರೇಡಾರಿಗೆ 23 ಕಿಲೋಮೀಟರ್ ಎಂದೆವಲ್ಲ, ಕೊಡಚಾದ್ರಿಯ 1,343 ಮೀಟರ್ ಎತ್ತರದಿಂದ ಅದೇ ಲೆಕ್ಕ ಹಾಕಿದರೆ ಸುಮಾರು 150 ಕಿಲೋಮೀಟರ್ ಬರುತ್ತದೆ. ಬೈಂದೂರಿನ ದಡಕ್ಕೆ ಇರುವ ಸುಮಾರು 30 ಕಿಲೋಮೀಟರನ್ನು ಕಳೆದರೂ ಕಡಲಿನೊಳಗೆ 120 ಕಿಲೋಮೀಟರ್ ಉಳಿಯಿತು. ಆ ಕಾಡಿನ ತಲೆಯ ಮೇಲೆ ಗೋಪುರ ಕಟ್ಟಬೇಕೆಂದು ನಾನು ಹೇಳುತ್ತಿಲ್ಲ, ಕಟ್ಟಲೂಬಾರದು. ಮಂಜು, ಮಳೆ, ಅಲೆಗಳ ಗೊಂದಲ ಆ ದೂರವನ್ನು ಬಹಳಷ್ಟು ಕಡಿಮೆ ಮಾಡುತ್ತವೆ ಕೂಡ. ಕಡಲಿನ ಮೇಲೆ ದಿನಗಟ್ಟಲೆ ಹಾರುವ ಕಣ್ಗಾವಲು ವಿಮಾನ ಮತ್ತು ಡ್ರೋನ್‌ಗಳಿಗೆ ದಾಳಿ ಡ್ರೋನ್‌ಗಿಂತ ಮೊದಲು ಹಣ ಕೊಡಬೇಕೆಂಬುದಕ್ಕೆ ಈ ಲೆಕ್ಕ ಕಾರಣ.

ಮೂರನೆಯದು, ಮತ್ತು ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದದ್ದು, ನಮ್ಮ ಮೀನುಗಾರರು. ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿಗಳಿಂದ ಋತುವಿನಲ್ಲಿ ಸಾವಿರಾರು ಬೋಟುಗಳು ಹೊರಡುತ್ತವೆ. ಕಪ್ಪು ಸಮುದ್ರದ ಯುದ್ಧವಲಯದಲ್ಲಿ ಕಂಡ ಸಣ್ಣ ದೋಣಿ ಶತ್ರುವಿನದೆಂದು ಗುಂಡು ಹಾರಿಸಬಹುದಿತ್ತು. ಇಲ್ಲಿ ಕತ್ತಲಲ್ಲಿ ಕಾಣುವ ಅರ್ಧ ಮೀಟರಿನ ಚುಕ್ಕೆ ಬಲೆ ಬೀಸಲು ಹೋದ ನಾಡದೋಣಿಯಾಗಿರುವ ಸಾಧ್ಯತೆಯೇ ಹೆಚ್ಚು. ನಾಲ್ಕು ನಿಮಿಷದಲ್ಲಿ ತೀರ್ಮಾನ ಮಾಡಬೇಕಾದ ಹಡಗಿನ ಅಧಿಕಾರಿಯ ಮುಂದೆ ಎರಡು ದಾರಿ: ಹೊಡೆದರೆ ನಮ್ಮವರ ಜೀವ ಹೋಗಬಹುದು, ಹೊಡೆಯದಿದ್ದರೆ ಹಡಗು ಹೋಗಬಹುದು. ಶತ್ರು ಮೀನುಗಾರರ ನಡುವೆ ಮರೆಯಾಗಿ ಬರಬಲ್ಲನೆಂಬುದನ್ನು 2008ರ ಮುಂಬಯಿ ದಾಳಿ ತೋರಿಸಿದೆ. 20 ಮೀಟರಿಗಿಂತ ಉದ್ದದ ಬೋಟುಗಳಿಗೆ ಗುರುತಿನ ಉಪಕರಣ ಕಡ್ಡಾಯವಾಗಿದೆ. ಅದಕ್ಕಿಂತ ಸಣ್ಣವುಗಳಿಗಾಗಿ ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರ್‌ಗಳನ್ನು, ಅಂದರೆ ದೋಣಿ ಯಾವುದು, ಎಲ್ಲಿದೆ ಎಂದು ಸಂಕೇತ ಕಳಿಸುವ ಉಪಕರಣಗಳನ್ನು, ದೇಶದ ಒಂದು ಲಕ್ಷ ಬೋಟುಗಳಿಗೆ ಅಳವಡಿಸುವ ಯೋಜನೆ ನಡೆಯುತ್ತಿದೆ. ಹವಾಮಾನದ ಎಚ್ಚರಿಕೆ, ಅಪಾಯದ ಕರೆ ಇವಕ್ಕೆಂದೇ ಅದನ್ನು ಹೇಳಲಾಗುತ್ತದೆ, ಮೀನುಗಾರರಿಗೆ ಅದರಿಂದ ಅನುಕೂಲವೂ ಇದೆ. ಆದರೆ ಅದರ ಇನ್ನೊಂದು ಮುಖ ರಕ್ಷಣೆಯದು: ತಮ್ಮವರ ದೋಣಿಗಳೆಲ್ಲ ಪರದೆಯ ಮೇಲೆ ಹೆಸರು ಹೇಳಿಕೊಂಡಾಗ ಮಾತ್ರ ಹೆಸರು ಹೇಳದೆ ವೇಗವಾಗಿ ಬರುವ ದೋಣಿ ಎದ್ದು ಕಾಣುತ್ತದೆ. ಇಂಜಿನ್ ಇಲ್ಲದ ಪುಟ್ಟ ದೋಣಿಯವನೂ ಖರ್ಚಿಲ್ಲದೆ ಇಟ್ಟುಕೊಳ್ಳಬಹುದಾದ, ಉಪ್ಪುನೀರಿಗೆ ಕೆಡದ, ಕನ್ನಡದಲ್ಲಿ ಸಂದೇಶ ತೋರಿಸುವ ಉಪಕರಣ ಅವನ ಕೈಗೆ ತಲುಪಬೇಕು. ಕಾಳಿ, ಅಘನಾಶಿನಿ, ಶರಾವತಿಗಳ ಅಳಿವೆಗಳಲ್ಲಿ ಯಾವ ದೋಣಿ ಯಾರದೆಂದು ಬಲ್ಲ ಜನರನ್ನು ಕರಾವಳಿ ಕಾವಲು ಪೊಲೀಸರು ಸಂಶಯದಿಂದ ನೋಡದೆ ಜೊತೆಗೆ ಸೇರಿಸಿಕೊಳ್ಳಬೇಕು. ಇಷ್ಟು ಆಗುವವರೆಗೆ ಕಾರವಾರದ ನೆಲೆಯ ಬಾಯಲ್ಲಿ ಎಷ್ಟೇ ಒಳ್ಳೆಯ ಫಿರಂಗಿ ನಿಲ್ಲಿಸಿದರೂ, ಅದರ ಹಿಂದೆ ಕೂತವನಿಗೆ ಯಾವುದರ ಮೇಲೆ ಹಾರಿಸಬೇಕೆಂಬುದು ತಿಳಿದಿರುವುದಿಲ್ಲ.